ಬೆರಳ ತುದಿಯ ಅಂಕಪಟ್ಟಿ

ನೇಪಾಳದಲ್ಲಿ ಎವರೆಸ್ಟ್ ಬೇಸ್ ಕ್ಯಾಂಪಿಗೆ ಚಾರಣ ಹೋಗುವ ದಾರಿಯ ಡಿಂಗ್‌ಬೋಚೆಯ ಲಾಡ್ಜಿನಲ್ಲಿ ಸಂಜೆ ಒಲೆಗೆ ಯಾಕ್ ಸಗಣಿಯ ಬೆರಣಿ ಬಿದ್ದು, ಕಾಲ್ಬೆರಳುಗಳಿಗೆ ಜೀವ ಬಂದು, ದಾಲ್‌ಭಾತ್‌ನ ತಟ್ಟೆ ಎದುರಿಗೆ ಬಂದ ಗಳಿಗೆಗೆ ಸರಿಯಾಗಿ ನಮ್ಮ ಗೈಡ್ ಬಂದು, ಬಲಗೈಯ ತೋರುಬೆರಳನ್ನು ಚಾಚಿರೆಂದು ವಿನಯದಿಂದ ಕೇಳುತ್ತಿದ್ದ. ಅವನ ಒಂದು ಕೈಯಲ್ಲಿ ರಕ್ತದ ಆಮ್ಲಜನಕವನ್ನು ಶೇಕಡಾವಾರು ಅಳೆಯುವ ಆಕ್ಸಿಮೀಟರ್, ಇನ್ನೊಂದರಲ್ಲಿ ಅಂಚು ಸುರುಳಿಗಟ್ಟಿದ ನೋಟ್‌ಬುಕ್. ಬೆರಳು ಕಚ್ಚಿಕೊಂಡ ಆ ಪುಟ್ಟ ಯಂತ್ರ ಸಾಕಷ್ಟು ಯೋಚನೆ ಮಾಡಿ ಒಂದು ಸಂಖ್ಯೆಯನ್ನು ಉಗುಳುವಷ್ಟರಲ್ಲಿ ಅನ್ನ ಆರಿಹೋಗಿರುತ್ತಿತ್ತು. 4,410 ಮೀಟರ್ ಎತ್ತರದಲ್ಲಿ ಅನ್ನ ಆರುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. ಅಷ್ಟನ್ನಾದರೂ ಸಹಿಸಬಹುದು. ನನಗೆ ಸಹಿಸಲಾಗದೆ ಹೋದದ್ದು ಅದರ ಬೆನ್ನಿಗೇ ಮೇಜಿನ ನಾಲ್ಕೂ ಕಡೆಯಿಂದ ಏಳುತ್ತಿದ್ದ ಪ್ರಶ್ನೆ: “ನಿಮ್ಮದೆಷ್ಟು?”

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನೆಂಟರ ಬಾಯಲ್ಲಿ ಕೇಳಿದ ಮೇಲೆ ಈ ಪ್ರಶ್ನೆಯನ್ನು ಇದೇ ಧಾಟಿಯಲ್ಲಿ ಮತ್ತೆ ಕೇಳುವ ಪ್ರಸಂಗ ನನಗೆ ಬಂದಿರಲಿಲ್ಲ. ಎಂಬತ್ತೆಂಟು ಎಂದವರ ಮುಖದಲ್ಲಿ ಫಸ್ಟ್ ಕ್ಲಾಸಿನ ಕಳೆ ಮೂಡುತ್ತಿತ್ತು. ಎಂಬತ್ತೆರಡು ಬಂದವರು ಕೈ ತಣ್ಣಗಿತ್ತೆಂದೋ ಉಗುರಿಗೆ ಬಣ್ಣವಿತ್ತೆಂದೋ ತಕರಾರು ಎತ್ತಿ ಅಲ್ಲಿಯೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಿದ್ದರು. ಗೈಡ್ ಬೇರೆ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಅಳೆಯುತ್ತಿದ್ದ, ಎರಡಂಕ ಹೆಚ್ಚಾದರೆ ಅದನ್ನೇ ಬರೆದುಕೊಳ್ಳುತ್ತಿದ್ದ. ಈ ಸಂಖ್ಯೆಗಳ ಬಗ್ಗೆ ನನ್ನದೇ ಒಂದು ಸಿದ್ಧಾಂತವಿದೆ. ಅದನ್ನು ಮುಂದೆ ಸರಿಯಾದ ಜಾಗದಲ್ಲಿ ಹೇಳುತ್ತೇನೆ.

ನಮ್ಮ ತಂಡದಲ್ಲಿ ಬೆಂಗಳೂರಿನ ನಿವೃತ್ತ ಲೆಕ್ಕಪರಿಶೋಧಕರೊಬ್ಬರಿದ್ದರು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದು, ಆಮೇಲೆ ಡ್ರಾಯರಿನಲ್ಲಿ ಥರ್ಮಾಮೀಟರಿನ ಪಕ್ಕ ಮಲಗಿದ ಆಕ್ಸಿಮೀಟರನ್ನು ಅವರು ಎಬ್ಬಿಸಿ, ಹೊಸ ಬ್ಯಾಟರಿ ಹಾಕಿ, ತಮ್ಮೊಡನೆಯೇ ತಂದಿದ್ದರು. ಅವರದಕ್ಕೂ ಗೈಡಿನದಕ್ಕೂ ಮೂರು ಅಂಕಗಳ ವ್ಯತ್ಯಾಸ. ವ್ಯತ್ಯಾಸವೆಂದರೆ ನಿದ್ದೆ ಬಾರದ ವೃತ್ತಿಯಲ್ಲಿ ಜೀವಮಾನ ಕಳೆದವರಾದ್ದರಿಂದ ಅವರು ಎರಡೂ ಯಂತ್ರಗಳನ್ನು ಎರಡು ಬೆರಳಿಗೆ ಒಟ್ಟಿಗೇ ಸಿಕ್ಕಿಸಿಕೊಂಡು ತಾಳೆ ನೋಡುತ್ತಿದ್ದರು, ಅಷ್ಟೂ ಹೊತ್ತು ಉಳಿದವರೆಲ್ಲ ಚಮಚ ಹಿಡಿದು ಕಾಯುತ್ತಿದ್ದೆವು. ಈ ಯಂತ್ರದ ಹಿಂದಿರುವ ತತ್ತ್ವವನ್ನು 1974ರಲ್ಲಿ ಕಂಡುಕೊಂಡವರು ತಕುವೊ ಅಓಯಾಗಿ ಎಂಬ ಜಪಾನಿ ಎಂಜಿನಿಯರ್ ಎಂದೂ, ಅವರು 2020ರ ಏಪ್ರಿಲ್‌ನಲ್ಲಿ, ಅಂದರೆ ಇಡೀ ಜಗತ್ತು ಈ ಯಂತ್ರಕ್ಕಾಗಿ ಔಷಧದಂಗಡಿಗಳ ಮುಂದೆ ಮುಗಿಬೀಳುತ್ತಿದ್ದ ದಿನಗಳಲ್ಲಿ, ತೀರಿಕೊಂಡರೆಂದೂ ನಮಗೆ ತಿಳಿಸಿದವರು ಅವರೇ. ಆ ಪುಣ್ಯಾತ್ಮನ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆತ ಆಸ್ಪತ್ರೆಯ ರೋಗಿಗಳಿಗಾಗಿ ದುಡಿದವನು; ಪೂರ್ತಿ ಆರೋಗ್ಯವಂತರು ರಜೆ ಹಾಕಿ, ದುಡ್ಡು ಕೊಟ್ಟು, ಉಸಿರು ಕಡಿಮೆಯಿರುವ ಜಾಗಕ್ಕೆ ಹೋಗಿ, ಉಸಿರು ಎಷ್ಟು ಕಡಿಮೆಯಿದೆಯೆಂದು ಪೈಪೋಟಿಗೆ ಬೀಳುತ್ತಾರೆಂದು ಆತ ಹೇಗೆ ಊಹಿಸಬೇಕು?

ಗೈಡಿನ ಹೆಸರು ಒಂದು ವಾರದ ಹೆಸರು. ಯಾವ ವಾರವೆಂದು ಹೇಳಿದರೂ ಅವನ ಗುಟ್ಟೇನೂ ಬಯಲಾಗುವುದಿಲ್ಲ, ಏಕೆಂದರೆ ಹುಟ್ಟಿದ ವಾರದ ಹೆಸರಿಡುವ ಶೆರ್ಪಾಗಳ ನಾಡಿನಲ್ಲಿ ಲುಕ್ಲಾದ ಇಳಿಜಾರು ರನ್‌ವೇ ಬದಿಯಲ್ಲಿ ನಿಂತು ಯಾವ ವಾರವನ್ನು ಕೂಗಿದರೂ ಒಂದಿಬ್ಬರಾದರೂ ತಿರುಗಿ ನೋಡುತ್ತಾರೆ. ಅವನು ದಾರಿಯುದ್ದಕ್ಕೂ ಹೇಳುತ್ತಿದ್ದುದು ಒಂದೇ ಮಾತು: ನಿಧಾನ. ಫಾಕ್‌ಡಿಂಗ್‌ನಿಂದ ನಾಮ್ಚೆಯ ಏರಿಗೂ ನಿಧಾನ, ಸಮತಟ್ಟಿನಲ್ಲೂ ನಿಧಾನ, ಊಟದ ಮನೆಯಿಂದ ಮಲಗುವ ಕೋಣೆಗೆ ಹೋಗುವಾಗಲೂ ನಿಧಾನ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು, ನಡುನಡುವೆ ಒಂದು ದಿನ ಅದೇ ಊರಿನಲ್ಲಿ ತಂಗಬೇಕು ಎಂಬ ನಿಯಮವನ್ನು ಅವನು ಶಾಸ್ತ್ರದಷ್ಟೇ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ. ತಂಗುವುದೆಂದರೆ ಕಾಲು ಚಾಚಿ ಮಲಗುವುದು ಎಂದು ತಿಳಿದುಕೊಂಡವರಿಗೆ ಮಾತ್ರ ನಿರಾಸೆ ಕಾದಿರುತ್ತದೆ. ಹಗಲು ಎತ್ತರಕ್ಕೆ ಹತ್ತಿ ರಾತ್ರಿ ಕೆಳಗಿಳಿದು ಮಲಗಬೇಕಂತೆ. 3,440 ಮೀಟರಿನ ನಾಮ್ಚೆಯಲ್ಲಿ ವಿಶ್ರಾಂತಿಯ ಹೆಸರಿನಲ್ಲಿ ನಮ್ಮನ್ನು 3,790 ಮೀಟರಿನ ಖುಮ್‌ಜುಂಗ್‌ಗೆ ಹತ್ತಿಸಲಾಯಿತು.

ಖುಮ್‌ಜುಂಗ್ ಚೆಂದದ ಊರು. ಹಸಿರು ಸೂರಿನ ಮನೆಗಳು, ಕಲ್ಲುಗೋಡೆಗಳ ನಡುವೆ ಆಲೂಗಡ್ಡೆಯ ಹೊಲಗಳು, ಹಿಂದೆ ಯಾರೂ ಹತ್ತಬಾರದೆಂದು ಬಿಟ್ಟಿರುವ ಖುಂಬಿಲಾ ದೇವರ ಬೆಟ್ಟ. ಅಲ್ಲಿಯ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ಬೀಗ ಹಾಕಿದ ಕಪಾಟೊಂದಿದೆ. ಕಾಣಿಕೆ ಹಾಕಿದರೆ ಬೀಗ ತೆಗೆಯುತ್ತಾರೆ. ಒಳಗೆ ಗಾಜಿನ ಹಿಂದೆ ಕೆಂಗಂದು ಕೂದಲಿನ, ಶಂಕುವಿನಾಕಾರದ ಟೊಪ್ಪಿಗೆಯಂಥದ್ದೊಂದು ಕೂತಿದೆ. ಅದು ಯೇತಿಯ, ಅಂದರೆ ಹಿಮಮಾನವನ, ನೆತ್ತಿಯ ಚರ್ಮ. ಲೆಕ್ಕಪರಿಶೋಧಕರು ಅದನ್ನು ಕಂಡೊಡನೆ ಇದನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿದರು. ಮಾಡಿಸಿದ್ದಾರೆ. ಆ ಕಥೆಯನ್ನು ಇಲ್ಲಿ ಪೂರ್ತಿ ಹೇಳದೆ ನನಗೆ ಮುಂದಿನ ಊರಿಗೆ ಹೋಗಲು ಮನಸ್ಸಿಲ್ಲ.

ಎವರೆಸ್ಟ್ ಏರಿ ಏಳು ವರ್ಷಗಳಾದ ಮೇಲೆ, 1960ರಲ್ಲಿ, ಎಡ್ಮಂಡ್ ಹಿಲರಿ ಮತ್ತೆ ಈ ಕಡೆಗೆ ಬಂದರು. ಎತ್ತರದಲ್ಲಿ ಮನುಷ್ಯನ ದೇಹ ಏನಾಗುತ್ತದೆಂದು ಅಳೆಯುವುದು ಆ ತಂಡದ ಒಂದು ಕೆಲಸ, ಯೇತಿಯನ್ನು ಹುಡುಕುವುದು ಇನ್ನೊಂದು. ಮೊದಲನೆಯದಕ್ಕಾಗಿ ಒಂದು ಬೆಳ್ಳಿಬಣ್ಣದ ಗುಡಿಸಲನ್ನು ಹಿಮದ ಮೇಲೆ ನಿಲ್ಲಿಸಿ, ವಿಜ್ಞಾನಿಗಳು ಚಳಿಗಾಲವಿಡೀ ಅದರೊಳಗೆ ಸೈಕಲ್ ತುಳಿದು ತಮ್ಮ ಉಸಿರನ್ನು ತಾವೇ ಅಳೆದುಕೊಂಡರು. ನಮ್ಮ ಸಂಜೆಯ ಪೀಡೆಯ ವಂಶಮೂಲ ಅಲ್ಲೆಲ್ಲೋ ಇರಬೇಕು. ಎರಡನೆಯದಕ್ಕಾಗಿ ಖುಮ್‌ಜುಂಗ್‌ನ ನೆತ್ತಿಯನ್ನು ಕೇಳಿದರು. ಊರವರು ಸುಮ್ಮನೆ ಕೊಡುವವರಲ್ಲ. ಅದು ಊರಿನ ಶ್ರೀರಕ್ಷೆ. ದೂರ ಹೋದರೆ ಮಳೆ ಬೆಳೆಗೆ ಕೇಡಾದೀತು. ಕೊನೆಗೆ ಆರು ವಾರಗಳ ಗಡುವು ಹಾಕಿ, ನೆತ್ತಿಯ ಜೊತೆಗೆ ಕಾವಲಿಗೆ ಊರಿನ ಹಿರಿಯ ಖುಂಜೊ ಚುಂಬಿಯೂ ಹೋಗಬೇಕೆಂಬ ಕರಾರಿನ ಮೇಲೆ ಒಪ್ಪಿದರು. ಹಾಗೆ, ಹಳ್ಳಿಯ ಆ ಹಿರಿಯ ತನ್ನ ದೇಶೀ ಉಡುಪಿನಲ್ಲಿ, ನೆತ್ತಿಯ ಪೆಟ್ಟಿಗೆಯ ಬೆಂಗಾವಲಾಗಿ ಷಿಕಾಗೊ ನೋಡಿದ, ಪ್ಯಾರಿಸ್ ನೋಡಿದ, ಲಂಡನ್ ನೋಡಿದ. ಎಲ್ಲ ಕಡೆಯೂ ತಜ್ಞರು ಪೆಟ್ಟಿಗೆ ತೆರೆದು ಕೂದಲು ಎಳೆದು ನೋಡಿ, ಇದು ಸೆರೋ ಎಂಬ ಬೆಟ್ಟದ ಕಾಡುಪ್ರಾಣಿಯ ಚರ್ಮವನ್ನು ಅಚ್ಚಿಗೆ ಹಾಕಿ ಶಂಕುವಿನಾಕಾರಕ್ಕೆ ತಂದದ್ದು ಎಂದು ತೀರ್ಪು ಕೊಟ್ಟರು. ಆಗ ಚುಂಬಿ, ನಮ್ಮಲ್ಲಿ ಜಿರಾಫೆಯೂ ಕಾಂಗರೂವೂ ಇಲ್ಲ, ಹಾಗಾಗಿ ನಮಗೆ ಅವುಗಳ ವಿಷಯ ಗೊತ್ತಿಲ್ಲ. ನಿಮ್ಮಲ್ಲಿ ಯೇತಿ ಇಲ್ಲ, ನಿಮ್ಮ ಅಜ್ಞಾನಕ್ಕೆ ನನ್ನ ಸಹಾನುಭೂತಿಯಿದೆ ಎಂಬರ್ಥದ ಮಾತು ಹೇಳಿದನೆಂದು ಇಂದಿಗೂ ಹೇಳಿಕೊಳ್ಳುತ್ತಾರೆ.

ಈ ಉತ್ತರವನ್ನು ಎಷ್ಟು ಬಾರಿ ನೆನೆದರೂ ನನಗೆ ತೃಪ್ತಿಯಾಗುವುದಿಲ್ಲ. ತಜ್ಞರು ಹೇಳಿದ್ದು ಸುಳ್ಳೆಂದು ಆತ ವಾದಿಸಲಿಲ್ಲ, ಸಿಟ್ಟಾಗಲಿಲ್ಲ, ಇನ್ನೊಂದು ಪ್ರಯೋಗಾಲಯಕ್ಕೆ ಹೋಗೋಣವೆಂದು ಹಟ ಹಿಡಿಯಲಿಲ್ಲ. ನೆತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದ. ಮರುವರ್ಷ, 1961ರಲ್ಲಿ, ಹಿಲರಿ ಖುಮ್‌ಜುಂಗ್‌ನಲ್ಲಿ ಶಾಲೆ ಕಟ್ಟಿಸಿಕೊಟ್ಟರು. ಪಕ್ಕದ ಖುಂದೆಯಲ್ಲಿ 1966ರಲ್ಲಿ ಆಸ್ಪತ್ರೆಯೂ ಬಂತು. ನೆತ್ತಿ ಈಗಲೂ ಅದೇ ಕಪಾಟಿನಲ್ಲಿದೆ, ಈಗಲೂ ಅದು ಯೇತಿಯದೇ, ಮತ್ತು ಈಗಲೂ ಕಾಣಿಕೆ ಹಾಕಬೇಕು. ಲೆಕ್ಕಪರಿಶೋಧಕರು ತೀರ್ಪಿನ ಭಾಗವನ್ನು ಕೇಳಿಸಿಕೊಂಡು, ಹಾಗಾದರೆ ಕಪಾಟಿನ ಮೇಲೆ ಒಂದು ಫಲಕವನ್ನಾದರೂ ಹಾಕಬೇಕಿತ್ತೆಂದು ಗೊಣಗಿದರು. ಗೈಡ್ ಅದಕ್ಕೂ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

ಅವನ ಬೆರಳನ್ನು ಮಾತ್ರ ಅವನು ಕೊಡುತ್ತಿರಲಿಲ್ಲ. “ನನ್ನದು ನೋಡಿದರೆ ನಿಮಗೆ ಬೇಸರವಾಗುತ್ತದೆ” ಎಂದು ನಗುತ್ತಿದ್ದ. ಶೆರ್ಪಾಗಳ ಸ್ನಾಯುಗಳು ಸಿಕ್ಕಷ್ಟೇ ಆಮ್ಲಜನಕವನ್ನು ನಮ್ಮವುಗಳಿಗಿಂತ ದಕ್ಷವಾಗಿ ಬಳಸಿಕೊಳ್ಳುತ್ತವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು; ಅಂದರೆ ರಹಸ್ಯ ರಕ್ತದಲ್ಲಿ ಎಷ್ಟಿದೆ ಎಂಬಲ್ಲಿ ಮಾತ್ರವಲ್ಲ, ಇದ್ದದ್ದನ್ನು ಹೇಗೆ ಖರ್ಚು ಮಾಡುತ್ತಾರೆ ಎಂಬಲ್ಲೂ ಇದೆ. ಖರ್ಚನ್ನು ಆಕ್ಸಿಮೀಟರ್ ತೋರಿಸುವುದಿಲ್ಲ. ಒಂದು ಸಂಜೆ ಲೆಕ್ಕಪರಿಶೋಧಕರು ಲಾಡ್ಜಿನ ಒಡತಿಯ ಬೆರಳಿಗೇ ಅದನ್ನು ಸಿಕ್ಕಿಸಿದರು. ಆಗ ತಾನೇ ಕೊರೆಯುವ ನೀರಿನಲ್ಲಿ ಪಾತ್ರೆ ತೊಳೆದು ಬಂದ ಕೈ. ಯಂತ್ರ ಬಹಳ ಹೊತ್ತು ಹುಡುಕಿ ಎರಡು ಅಡ್ಡಗೆರೆಗಳನ್ನು ಮಾತ್ರ ತೋರಿಸಿತು. ಯಂತ್ರದ ಪ್ರಕಾರ ಆಕೆ ಇರಲೇ ಇಲ್ಲ. ಇಲ್ಲದ ಆಕೆ ಅದನ್ನು ಬಿಚ್ಚಿ ಕೊಟ್ಟು, ಕುದಿಯುವ ನೀರಿನ ಎರಡು ದೊಡ್ಡ ಕೆಟಲ್‌ಗಳನ್ನು ಎತ್ತಿಕೊಂಡು ಹೋಗಿ, ಬಿಸಿನೀರಿನ ಬಾಬ್ತನ್ನು ನಮ್ಮ ಬಿಲ್ಲಿಗೆ ಬರೆದಳು.

ಅಳೆಯದೆ ಬಿಟ್ಟವರು ಇನ್ನೂ ಇದ್ದರು. ನಮ್ಮ ಚೀಲಗಳನ್ನು ಹೊತ್ತು ತಂದ ಪೋರ್ಟರುಗಳು ಬೇರೆ ಕೋಣೆಯಲ್ಲಿ ಉಣ್ಣುತ್ತಿದ್ದರು; ನೋಟ್‌ಬುಕ್ ಅಲ್ಲಿಗೆ ಹೋಗುತ್ತಿರಲಿಲ್ಲ. ಅವರೆಲ್ಲ ಶೆರ್ಪಾಗಳೇ ಎಂದು ತಿಳಿಯುವುದು ತಪ್ಪು. ಹಲವರು ಕೆಳಗಿನ ಬೆಟ್ಟಗಳ ರಾಯ್, ತಮಾಂಗ್ ಜನ. ಎತ್ತರ ನಮ್ಮನ್ನು ಕಾಡುವಂತೆ ಅವರನ್ನೂ ಕಾಡುತ್ತದೆ. ಅವರನ್ನು ಒಮ್ಮೆ ಅಳೆದದ್ದುಂಟು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ನಾಮ್ಚೆಯ ದಾರಿಯಲ್ಲಿ ಪೋರ್ಟರುಗಳನ್ನೂ ಅವರ ಬೆನ್ನ ಮೇಲಿನ ಡೋಕೊ ಬುಟ್ಟಿಗಳನ್ನೂ ತಕ್ಕಡಿಗೆ ಹಾಕಿದ್ದರು. ಗಂಡಸರ ಹೊರೆ ಸರಾಸರಿಯಲ್ಲಿ ಅವರ ದೇಹತೂಕದ ಶೇಕಡಾ 93ರಷ್ಟು, ಹೆಂಗಸರದು ಶೇಕಡಾ 66ರಷ್ಟು ಬಂತು. ಹಣೆಗೆ ನಾಮ್ಲೊ ಪಟ್ಟಿ, ಕೈಯಲ್ಲಿ ಆನಿಸಿ ನಿಲ್ಲಲು ತೋಕ್ಮಾ ಕೋಲು, ಕೆಲವು ಹೆಜ್ಜೆ ನಡೆದು ಒಂದು ಗಳಿಗೆ ನಿಲ್ಲುವ ಲಯ. ಅವರ ಆಮ್ಲಜನಕ ಎಷ್ಟೆಂದು ಯಾಕೆ ನೋಡುವುದಿಲ್ಲವೆಂದು ನಾನು ಗೈಡನ್ನು ಕೇಳಿದ್ದಕ್ಕೆ, ಅವರು ಕೇಳಿಲ್ಲವಲ್ಲ ಎಂಬ ಉತ್ತರ ಬಂತು. ಈ ಉತ್ತರಕ್ಕೆ ತಲೆಯಾಡಿಸುವುದು ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಡಿಂಗ್‌ಬೋಚೆಯಿಂದ ದಿಬ್ಬ ದಾಟಿದರೆ ಫೆರಿಚೆ. ಅಲ್ಲಿ 1973ರಿಂದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರವಿದೆ. ಚಾರಣದ ಋತುವಿನಲ್ಲಿ ವೈದ್ಯರು ಮಧ್ಯಾಹ್ನ ಎತ್ತರದ ಕಾಯಿಲೆಯ ಬಗ್ಗೆ ತಿಳಿಸಿ ಹೇಳುತ್ತಾರೆ. ಲೆಕ್ಕಪರಿಶೋಧಕರು ತಮ್ಮ ಪಟ್ಟಿಯೊಡನೆ ಅಲ್ಲಿಗೆ ಹೋಗಿ, ಪಾಸಾಗುವುದಕ್ಕೆ ಕನಿಷ್ಠ ಎಷ್ಟು ಬೇಕೆಂದು ಕೇಳಿದರಂತೆ. ವೈದ್ಯೆ ಪಟ್ಟಿಯನ್ನು ನೋಡದೆ, ತಲೆನೋವಿದೆಯೇ, ಊಟ ಸೇರುತ್ತದೆಯೇ, ಸುಸ್ತಿದೆಯೇ, ತಲೆ ಸುತ್ತುತ್ತದೆಯೇ ಎಂದು ಕೇಳಿದರು. ಪರ್ವತದ ಕಾಯಿಲೆಯನ್ನು ಗುರುತಿಸುವ ಲೇಕ್ ಲೂಯಿಸ್ ಪದ್ಧತಿಯಲ್ಲಿರುವುದು ಈ ನಾಲ್ಕೇ ಪ್ರಶ್ನೆಗಳು, ನಾಲ್ಕಕ್ಕೂ ಬಾಯಿಂದಲೇ ಉತ್ತರಿಸಬೇಕು. ಸರಿಯಾದ ಉತ್ತರ ಕೊಡಲೇ ಇಲ್ಲ ಎಂದು ಅವರು ಮುಖ ಸಣ್ಣ ಮಾಡಿಕೊಂಡು ಮರಳಿದರು.

ಸಂಖ್ಯೆಯಿಂದ ಇನ್ನೊಂದು ಉಪಯೋಗವೂ ಇದೆ. ಗೊರಕ್‌ಶೇಪ್‌ನಲ್ಲಿ, 5,164 ಮೀಟರಿನಲ್ಲಿ, ಬೆಳಗಾದರೆ ಹೆಲಿಕಾಪ್ಟರುಗಳ ಸದ್ದು. ನಿಜಕ್ಕೂ ಜೀವ ಉಳಿಸುವ ಹಾರಾಟಗಳಿವೆ, ಅವುಗಳಿಗೆ ಕೈಮುಗಿಯಬೇಕು. ಆದರೆ ಬೇಸ್ ಕ್ಯಾಂಪಿನ ಫೋಟೊ ತೆಗೆಸಿಕೊಂಡ ಮರುಗಳಿಗೆಯೇ ಇಳಿಯಲು ಮನಸ್ಸಿಲ್ಲದೆ ಕಾಯಿಲೆ ಬೀಳುವವರಿದ್ದಾರೆ, ಬೀಳಿಸುವವರೂ ಇದ್ದಾರೆ. ವಿಮೆಯ ಹಣಕ್ಕಾಗಿ ನಡೆಯುತ್ತಿದ್ದ ಇಂಥ ಸುಳ್ಳು ರಕ್ಷಣೆಗಳ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಬೇಕಾಯಿತು. ಹತ್ತುವಾಗ ಎಂಬತ್ತೆರಡನ್ನು ಮುಚ್ಚಿಡಲು ಬೆರಳು ಉಜ್ಜಿದವನೇ ಇಳಿಯುವಾಗ ಎಪ್ಪತ್ತೆಂಟನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುವುದನ್ನು ನೋಡಿದರೆ ಮೈ ಉರಿಯುತ್ತದೆ.

ಇಲ್ಲಿಗೆ ನನ್ನ ಸಿದ್ಧಾಂತವನ್ನು ಹೇಳಬೇಕು. ಲೋಬುಚೆಯ ರಾತ್ರಿ, ನಿದ್ದೆ ಬಾರದೆ ಹೊರಳಾಡುತ್ತಿದ್ದಾಗ ಅದು ನನಗೆ ಆದಿಯಿಂದ ಅಂತ್ಯದವರೆಗೆ ನಿಚ್ಚಳವಾಗಿ ಹೊಳೆದಿತ್ತು. ಮನುಷ್ಯ, ಉಸಿರು, ಲೆಕ್ಕ ಎಲ್ಲವೂ ಅದರಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ನಾಮ್ಚೆಗೆ ಇಳಿದು ಗಾಳಿ ದಪ್ಪವಾಗುತ್ತ ಬಂದಂತೆ ಅದರ ಒಂದೊಂದೇ ಕೊಂಡಿ ಕಳಚಿಕೊಂಡಿತು. ಆ ಎತ್ತರದಲ್ಲಿ ಹೊಳೆಯುವ ಸಿದ್ಧಾಂತಗಳನ್ನು ಅಲ್ಲಿಯೇ ಬಿಟ್ಟು ಬರಬೇಕೆಂದು ಗೈಡ್ ಮೊದಲೇ ಎಚ್ಚರಿಸಬಹುದಿತ್ತು.

ನಾಮ್ಚೆಯಲ್ಲಿ ಎಲ್ಲರಿಗೂ ತೊಂಬತ್ತರ ಮೇಲೆ ಬಂದದ್ದರಿಂದ ಆಕ್ಸಿಮೀಟರಿನ ಮೇಲಿನ ಆಸಕ್ತಿ ಹೊರಟುಹೋಯಿತು. ಎಲ್ಲರೂ ಡಿಸ್ಟಿಂಕ್ಷನ್ ಪಡೆದ ತರಗತಿಯಲ್ಲಿ ಸ್ವಾರಸ್ಯವೇನು ಉಳಿಯುತ್ತದೆ? ಜಗಳಕ್ಕೆ ಬೇರೆ ಸಂಖ್ಯೆ ಬೇಕಾಗಿತ್ತು, ಅದನ್ನು ಕಾಲಾಪತ್ಥರ್ ಒದಗಿಸಿತು. ಆ ಗುಡ್ಡದ ಎತ್ತರವನ್ನು ಕೆಲವರು 5,545 ಮೀಟರ್ ಎನ್ನುತ್ತಾರೆ, ಕೆಲವರು 5,644 ಎನ್ನುತ್ತಾರೆ. ಲೆಕ್ಕಪರಿಶೋಧಕರ ಕೈಗಡಿಯಾರ ಎರಡನ್ನೂ ಒಪ್ಪದೆ ಮೂರನೆಯದೊಂದನ್ನು ತೋರಿಸಿತ್ತು. ನೂರು ಮೀಟರ್ ಎಂದರೆ ಸುಮ್ಮನೆಯೇ, ಹತ್ತಿದವರಿಗೆ ಗೊತ್ತು ಎಂದು ಲುಕ್ಲಾದವರೆಗೂ ವಾದ ನಡೆಯಿತು. ಕೊನೆಯ ಸಂಜೆ ಗೈಡ್ ನಮಗೆ ಹಂಚಬೇಕಾದ ಪ್ರಮಾಣಪತ್ರಗಳನ್ನು ತಂದಾಗ, ಯಾವ ಎತ್ತರವನ್ನು ಬರೆಯುತ್ತೀಯೆಂದು ಅವರು ಮೊದಲೇ ತಡೆದು ಕೇಳಿದರು. ನಿಮಗೆ ಯಾವುದು ಬೇಕೋ ಅದನ್ನೇ ಬರೆಯುತ್ತೇನೆಂದು ಅವನು ಪೆನ್ನು ತೆಗೆದ. ಲೆಕ್ಕಪರಿಶೋಧಕರು ಒಂದು ಕ್ಷಣವೂ ತಡಮಾಡದೆ 5,644 ಎಂದರು. ನನ್ನ ಸರದಿ ಬಂದಾಗ ಆ ಜಾಗವನ್ನು ಖಾಲಿ ಬಿಡು ಎಂದೆ. ಖಾಲಿ ಬಿಟ್ಟರೆ ಕಚೇರಿಯವರು ಮೊಹರು ಹಾಕುವುದಿಲ್ಲವೆಂದು ಹೇಳಿ, ಸ್ವಲ್ಪ ಯೋಚಿಸಿ, ಅವನು ನನಗೂ ಅದನ್ನೇ ತುಂಬಿಸಿದ.