ಒನಕೆಗೆ ಹಾರ, ತಾಮ್ರಕ್ಕೆ ಕಿಲುಬು

ಏಪ್ರಿಲ್ 18, ವಿಶ್ವ ಪರಂಪರೆ ದಿನ. ಅವತ್ತು ಚಿತ್ರದುರ್ಗದಲ್ಲಿ ಏನೇನು ನಡೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಏಳುಸುತ್ತಿನ ಕೋಟೆ ಅಂಗೈಯಷ್ಟು, ಓಬವ್ವ ಬೆರಳುದ್ದ, ಶುಭ ಕೋರುವವರ ಮುಖಗಳು ಮಾತ್ರ ಬಂಡೆಯಷ್ಟು. ಜಿಲ್ಲೆಯ ಇತಿಹಾಸವೆಲ್ಲ ಒಂದು ಒನಕೆಯ ತುದಿಯಲ್ಲಿ ನಿಂತಿದೆ ಎಂದು ತೀರ್ಮಾನವಾಗಿ ಎಷ್ಟೋ ಕಾಲವಾಯಿತು.

ಓಬವ್ವನ ಬಗ್ಗೆ ತಕರಾರಿಲ್ಲ, ಆ ತಾಯಿಗೆ ಎಷ್ಟು ಹಾರ ಹಾಕಿದರೂ ಕಡಿಮೆಯೇ. ಆದರೆ ಮರಡಿಹಳ್ಳಿಯ ದಿಂಬುಗಲ್ಲುಗಳಿಗೆ ಒಂದು ಚೆಂಡುಹೂವೂ ಇಲ್ಲವಲ್ಲ! ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 250 ಕೋಟಿ ವರ್ಷ. ಇವತ್ತು ಬೋರ್‌ವೆಲ್ಲಿಗೆ ಕೈಮುಗಿಯುವ ಈ ನೆಲ ಆಗ ಕಡಲ ತಳ. ಬಿರುಕಿನಿಂದ ಉಕ್ಕಿದ ಲಾವಾ ತಣ್ಣೀರು ತಾಗಿದ ಕೂಡಲೇ ಹೊರಗೆ ಗಾಜಿನಂಥ ಸಿಪ್ಪೆ ಕಟ್ಟಿತು, ಒಳಗೆ ಕುದಿಯುತ್ತಲೇ ಇತ್ತು. ಒತ್ತಡಕ್ಕೆ ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ದಿಂಬು, ಅದರ ಮಗ್ಗುಲಿಗೆ ಮತ್ತೊಂದು. ಮೇಲೆ ಬಿದ್ದ ಬಿಸಿ ದಿಂಬು ಕೆಳಗಿನ ಎರಡರ ಸಂದಿಗೆ ಜಾರಿ ಚೂಪು ಬಾಲ ಬಿಟ್ಟಿತು. ಹಾಗಾಗಿ ಬೆನ್ನು ಗುಂಡಗೆ, ಬಾಲ ಕೆಳಗೆ. ಈ ಬಾಲ ನೋಡಿಯೇ ಕಲ್ಲಿನ ಪದರ ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂದು ಭೂವಿಜ್ಞಾನಿಗಳು ಹೇಳಿಬಿಡುತ್ತಾರೆ. ಉತ್ಸವ ಸಮಿತಿಗಳಿಗೂ ಇಂಥದ್ದೊಂದು ಬಾಲವಿದ್ದಿದ್ದರೆ ಎಷ್ಟು ಅನುಕೂಲವಿತ್ತು.

ಅದೇ ಕಡಲ ಬೆಂಕಿಯ ಇನ್ನೊಂದು ಕೂಸು ಇಂಗಳದಾಳಿನ ತಾಮ್ರ. ಹಳೆಯ ಕಾಲದವರೇ ಅಲ್ಲಿ ಅಗೆದ ಗುರುತುಗಳಿವೆ. ನಮ್ಮ ಕಾಲದಲ್ಲೂ ಗಣಿ ನಡೆದು, ನಿಂತು ಹೋಯಿತು. ಇಂಥ ಅದಿರಿನಲ್ಲಿ 100 ಕೆಜಿ ಕಲ್ಲಿಗೆ ಒಂದು ಕೆಜಿ ತಾಮ್ರ ಸಿಕ್ಕರೆ ಪುಣ್ಯ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿಗೆ ಕಲಸಿ, ರಾಸಾಯನಿಕದ ಜೊತೆ ತುಸು ಪೈನ್ ಎಣ್ಣೆ ಬಿಟ್ಟು, ತಳದಿಂದ ಗಾಳಿ ಊದಬೇಕು. ತಾಮ್ರದ ಕಣ ಗುಳ್ಳೆಗೆ ಅಂಟಿ ಮೇಲೇಳುತ್ತದೆ, ಕಲ್ಲು ತಳಕ್ಕಿಳಿಯುತ್ತದೆ. ವೇದಿಕೆಯ ಭಾಷಣಕ್ಕೂ ಇದಕ್ಕೂ ಇಷ್ಟೇ ವ್ಯತ್ಯಾಸ: ಗಣಿಯ ನೊರೆಯಲ್ಲಿ ತಾಮ್ರ ಇರುತ್ತಿತ್ತು.

ಉಳಿದ 99 ಕೆಜಿ ರಾಡಿಯ ಕಥೆಯನ್ನು ಮೈಕಿನಲ್ಲಿ ಯಾರೂ ಹೇಳುವುದಿಲ್ಲ. ಗಣಿ ಮುಚ್ಚುವುದೆಂದರೆ ಗೇಟಿಗೆ ಬೀಗ ಜಡಿಯುವುದಲ್ಲ. ಗಣಿಬಾವಿಯ ಬಾಯಿಗೆ ಕಾಂಕ್ರೀಟ್ ಮುಚ್ಚಳ ಬೇಕು. ರಾಡಿಯ ಗುಡ್ಡೆಗೆ ಜೇಡಿಮಣ್ಣಿನ ಹೊದಿಕೆ, ಅದರ ಮೇಲೆ ಹುಲ್ಲು ಹಿಡಿಯುವಷ್ಟು ಮೇಲ್ಮಣ್ಣು, ಸುತ್ತ ಮಳೆನೀರು ಒಳಗಿಳಿಯದಂತೆ ಕಾಲುವೆ ಬೇಕು. ಇಲ್ಲವಾದರೆ ಕಲ್ಲಿನಲ್ಲುಳಿದ ಗಂಧಕಕ್ಕೆ ಗಾಳಿ, ನೀರು ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಮತ್ತಷ್ಟು ಲೋಹ ಕರಗಿಸಿಕೊಂಡು ಹಳ್ಳಕ್ಕಿಳಿಯುತ್ತದೆ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿತೆಂದರೆ ಬಿತ್ತುವವನಿಗೆ ಬೇರೆ ಪರೀಕ್ಷೆ ಬೇಕಿಲ್ಲ.

ಇನ್ನು ಭೀಮಸಮುದ್ರದ ಕಡೆಯ ಕಬ್ಬಿಣದ ಪರಂಪರೆ. ಅದಕ್ಕೆ ಉತ್ಸವವೇ ಬೇಡ, ದಿನವೂ ತೇರು ಹೊರಡುತ್ತದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಜಿಲ್ಲೆಯ ಗಣಿಗಳನ್ನೂ ನಿಲ್ಲಿಸಿತ್ತು. ಆಮೇಲೆ ಷರತ್ತು ಹಾಕಿ ಬಿಟ್ಟಿತು. ಷರತ್ತು ಕಡತದಲ್ಲಿ ಕೂತಿತು, ಲಾರಿ ರಸ್ತೆಗಿಳಿಯಿತು. ಅಡಿಕೆ ಗರಿಯ ಮೇಲೆ ಕುಂಕುಮ, ಬಿಳಿ ಪಂಚೆಯ ಮೇಲೆ ಕುಂಕುಮ, ಒಣಹಾಕಿದ ಹಪ್ಪಳದ ಮೇಲೂ ಕುಂಕುಮ. ಇಂಥ ಮುತ್ತೈದೆ ಊರು ಬೇರೆಲ್ಲುಂಟು! ಧೂಳಿಗೆ ಮದ್ದೆಂದು ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಾರೆ. ಬೇಸಿಗೆಯಲ್ಲಿ ಅದು ಆರುವುದಕ್ಕೆ ಎಷ್ಟು ಹೊತ್ತು? ಜಾಸ್ತಿ ಹೊಡೆದರೆ ಕೆಸರು. ಕೆಸರು ಒಣಗಿದ ಮೇಲೆ ಚಕ್ರ ಅದನ್ನೇ ಅರೆದು ಮೊದಲಿಗಿಂತ ನುಣ್ಣಗಿನ ಧೂಳು ಮಾಡಿಕೊಡುತ್ತದೆ. ಅದಿರಿಗೆ ಬೇರೆ ದಾರಿ ಮಾಡದೆ ಇದಕ್ಕೆ ಕೊನೆಯಿಲ್ಲ ಎಂಬುದು ಟ್ಯಾಂಕರ್ ಡ್ರೈವರಿಗೂ ಗೊತ್ತು.

ಗಣಿಬಾಧಿತ ಊರುಗಳಿಗೆಂದೇ ಗಣಿ ಕಾಯ್ದೆಯ 2015ರ ತಿದ್ದುಪಡಿಯಲ್ಲಿ, ಗಣಿಯವರು ಕಟ್ಟುವ ದುಡ್ಡಿನಲ್ಲಿ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಕುಡಿಯುವ ನೀರು, ಆರೋಗ್ಯ, ಶಾಲೆ ಮೊದಲು ಎಂದು ನಿಯಮವಿದೆ. ಧೂಳು ತಿಂದ ಊರಿನ ಹೆಸರಲ್ಲಿ ಬಂದ ದುಡ್ಡು ಧೂಳು ತಿಂದ ಊರಿಗೇ ಹೋಗಬೇಕು. ಇಷ್ಟು ಹೇಳುವುದಕ್ಕೆ ವ್ಯಂಗ್ಯ ಯಾಕೆ ಬೇಕು? ಮಕ್ಕಳು ಕೆಮ್ಮುತ್ತಿದ್ದಾರೆ ಮಾರಾಯರೇ.

ಇರಲಿ, ಹಬ್ಬದ ದಿನ ಸಿಟ್ಟು ಬೇಡ. ಏಪ್ರಿಲ್ 19ಕ್ಕೆ ಫ್ಲೆಕ್ಸ್ ಇಳಿಸಿದ ಮೇಲೆ ಬಿಸಾಕಬೇಡಿ. 16 ಅಡಿ ಉದ್ದ, 8 ಅಡಿ ಅಗಲದ್ದಾದರೆ, ಟಾರ್ಪಾಲ್ ಹರಿದ ಟಿಪ್ಪರಿಗೆ ಸರಿಹೋಗುತ್ತದೆ. ನಾಲ್ಕೂ ಮೂಲೆ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಒನಕೆ ಹೊರಗೆ ಕಾಣುವಂತಿರಲಿ. ಮುಖಗಳನ್ನು ಮಡಚಿ ಅದಿರಿನ ಕಡೆಗೆ ಹಾಕಿ.