ಬಳಿಯುವುದೋ ಬಿಡುವುದೋ

ಗೋಡೆಯ ಮೇಲಿನ ತೈಲಚಿತ್ರ ನೋಡಿ ‘ಇನ್ನೂ ಮುಗಿದಿಲ್ಲವೇ?’ ಎಂದು ಕೇಳುವ ಅತಿಥಿಗೆ ಎರಡನೆಯ ಲೋಟ ಕಾಫಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಗಿದು ವರ್ಷದ ಮೇಲಾಯಿತು. ಲಾಲ್‌ಬಾಗಿನ ಬಂಡೆ, ಅದರ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ, ಹಿಂದೆ ಮಳೆಮೋಡ. ಎಲ್ಲವೂ ಇದೆ, ಹೊಳಪೊಂದಿಲ್ಲ. ಬಂಡೆಯ ನೆರಳಿಗೆ ಹಚ್ಚಿದ ಅಂಬರ್ ಎಂಬ ಕಂದು ಬಣ್ಣದಲ್ಲಿನ ಎಣ್ಣೆ ಒಳಗಿಳಿದು ಆ ಭಾಗ ಸುಣ್ಣದ ಗೋಡೆಯಂತೆ ಮಂಕಾಗಿದೆ; ಪಕ್ಕದ ಆಕಾಶ ಮಾತ್ರ ಮಿರಮಿರ ಮಿನುಗುತ್ತದೆ. ಒದ್ದೆ ಬೆರಳು ತಾಗಿಸಿದರೆ ಕಂದು ಥಟ್ಟನೆ ಆಳವಾಗಿ ಎದ್ದು ಬರುತ್ತದೆ. ಆರಿದೊಡನೆ ಮತ್ತೆ ಅದೇ ಮಂಕು. ವಾರ್ನಿಷ್ ಬಳಿದರೆ ಎರಡೂ ಸಮವಾಗುತ್ತವೆ, ನಿಜ. ಆದರೆ ಬಳಿಯಬೇಕೇ?

ನನ್ನ ಸೋದರಮಾವನಿಗೆ ಈ ಪ್ರಶ್ನೆ ಎಂದೂ ಕಾಡಿದ್ದಿಲ್ಲ. ನಿವೃತ್ತಿಯ ಮರುದಿನ ಮಲ್ಲೇಶ್ವರದ ಅಂಗಡಿಯಿಂದ ವಾರ್ನಿಷ್ ಡಬ್ಬಿ ತಂದವರು ಬಾಗಿಲಿನಿಂದ ಶುರುಮಾಡಿ ಕುರ್ಚಿ, ಕಿಟಕಿ, ಊರುಗೋಲು, ಕೊನೆಗೆ ಅತ್ತೆಯ ಲಟ್ಟಣಿಗೆಗೂ ಕೈಯಿಟ್ಟರು. ಲಟ್ಟಣಿಗೆಯನ್ನು ಅತ್ತೆ ಕಸಿದುಕೊಂಡರು. ದೇವರ ಮನೆಯ ಮಣೆ ಮಾತ್ರ ಅತ್ತೆಯ ಕಣ್ಣಿಗೆ ಬೀಳಲಿಲ್ಲ. ಗೌರಿಹಬ್ಬದ ಹಿಂದಿನ ದಿನ ಮಾವ ಅದಕ್ಕೆ ದಪ್ಪನಾಗಿ ಎರಡು ಕೈ ಬಳಿದರು. ಭಾದ್ರಪದದ ಬೆಂಗಳೂರು, ಒಗೆದ ಬನಿಯನ್ನೇ ಆರದ ಹವೆ. ಮರುದಿನ ಪುರೋಹಿತರು ಅದೇ ಮಣೆಯ ಮೇಲೆ ಸಾವಧಾನವಾಗಿ ಕುಳಿತು ಪೂಜೆ, ಕಥೆ, ಮಂಗಳಾರತಿ ಎಲ್ಲ ಮುಗಿಸಿದರು. ಎದ್ದರು. ಮಣೆಯೂ ಎದ್ದಿತು. ಹೆಂಗಸರು ಮುಖ ತಿರುಗಿಸಿದರು, ಮಕ್ಕಳು ಹಾಗೇನೂ ಮಾಡಲಿಲ್ಲ. ಪುರೋಹಿತರು ಹಿಂದಕ್ಕೆ ಕೈಚಾಚಿ ತಡವಿ ನೋಡಿ, ‘ರಾಯರೇ, ಇದನ್ನೂ ದಾನ ಕೊಡುತ್ತಿದ್ದೀರಾ?’ ಎಂದರು. ಸೀಮೆಎಣ್ಣೆ ಬಂತು, ಹೊಸ ಪಂಚೆ ಬಂತು, ದಕ್ಷಿಣೆ ಇಮ್ಮಡಿಯಾಯಿತು. ಮಾವನ ಚಿಂತೆಯೆಲ್ಲ ಮಣೆಯ ಮೇಲೆ ಉಳಿದ ನೂಲಿನ ಗುರುತಿನದೇ.

ತೈಲಚಿತ್ರಕ್ಕೂ ಇಂಥ ಆತುರ ಸಲ್ಲದು. ಎಣ್ಣೆಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ; ಆರು ತಿಂಗಳಿಂದ ವರ್ಷದವರೆಗೆ ಕಾಯಿರಿ ಎಂಬುದು ಹಳಬರ ಮಾತು. ಕಾದಿದ್ದೇನೆ. ಕಾದ ಮೇಲೆ ನಿರ್ಧಾರ ಸುಲಭವಾಗುತ್ತದೆ ಎಂದು ಯಾವ ಹಳಬರೂ ಹೇಳಿಲ್ಲ. ಫ್ರೆಂಚ್ ಚಿತ್ರಕಾರ ಪಿಸಾರೊ ತನ್ನ ಒಂದು ಚಿತ್ರದ ಬೆನ್ನಿಗೆ ‘ದಯವಿಟ್ಟು ವಾರ್ನಿಷ್ ಹಚ್ಚಬೇಡಿ’ ಎಂದೇ ಬರೆದಿಟ್ಟ. ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ದೊಡ್ಡ ಚಿತ್ರ ವಾರ್ನಿಷ್ ಕಪ್ಪಾಗಿದ್ದರಿಂದಲೇ ‘ನೈಟ್ ವಾಚ್’, ಅಂದರೆ ರಾತ್ರಿ ಪಹರೆ, ಎನಿಸಿಕೊಂಡಿತು; ಅದು ರಾತ್ರಿಯ ದೃಶ್ಯವೇ ಅಲ್ಲ. ಹಾಗಾದರೆ ಬೇಡ ಎನ್ನೋಣವೆಂದರೆ, 1990ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬ ಅದೇ ಚಿತ್ರಕ್ಕೆ ಆಮ್ಲ ಎರಚಿದಾಗ ಕಾವಲುಗಾರರು ಕೂಡಲೇ ನೀರು ಹಾಕಿದರು, ಆಮ್ಲ ವಾರ್ನಿಷ್ ದಾಟಿ ಬಣ್ಣಕ್ಕೆ ಇಳಿಯಲಿಲ್ಲ. ನನ್ನ ಚಿತ್ರಕ್ಕೆ ಆಮ್ಲ ಎರಚುವಷ್ಟು ಆಸಕ್ತಿ ಯಾರಿಗೂ ಇರಲಾರದು. ಆದರೆ ನಮ್ಮ ರಸ್ತೆಯನ್ನು ಒಬ್ಬರಾದ ಮೇಲೊಬ್ಬರು ಅಗೆಯುತ್ತಲೇ ಇದ್ದಾರೆ, ಅದರ ಧೂಳಂತೂ ಮನೆಯವರಿಗಿಂತ ಮೊದಲು ನಡುಮನೆಗೆ ಬರುತ್ತದೆ.

ಅದಕ್ಕೇ ವಾರ್ನಿಷ್, ಎನ್ನುತ್ತಾರೆ ತಿಳಿದವರು. ಧೂಳೆಲ್ಲ ಅದರ ಮೇಲೆ ಕೂರುತ್ತದೆ; ಹಳದಿಗಟ್ಟಿದರೆ ಮುಂದಿನ ತಲೆಮಾರಿನವರು ದ್ರಾವಕದಲ್ಲಿ ಹತ್ತಿ ಅದ್ದಿ, ಬಣ್ಣ ಅಲುಗದಂತೆ ಅಂಗುಲ ಅಂಗುಲವಾಗಿ ಒರೆಸಿ ತೆಗೆದು, ಹೊಸದಾಗಿ ಬಳಿಯಬಹುದಂತೆ. ಮುಂದಿನ ತಲೆಮಾರು ಎಂದರೆ ನನ್ನ ಮಗ. ದೀಪಾವಳಿಗೆ ಫ್ಯಾನಿನ ರೆಕ್ಕೆ ಒರೆಸು ಎಂದರೆ, ಹೇಗಿದ್ದರೂ ತಿರುಗುವಾಗ ಕಾಣಿಸುವುದಿಲ್ಲವಲ್ಲ ಎನ್ನುವವನು.