ಕಸವೆಂದು ಕೆರೆದು ಹಾಕಿದ್ದು ನಮ್ಮ ಎರಡು ವರ್ಷದ ದುಡಿಮೆಯನ್ನು

ಕಾರವಾರ ತಾಲೂಕಿನ ನಮ್ಮೂರ ಕಡಲತೀರದಲ್ಲಿ ನಾವು ಹದಿನಾಲ್ಕು ಮಂದಿ ಸೇರಿ ಎರಡು ಮಳೆಗಾಲ ಬೆಳೆಸಿದ್ದ, ಮರಳನ್ನು ಹಿಡಿದಿಡುವ ಬಂಗಡೆ ಬಳ್ಳಿಯನ್ನು ಕಳೆದ ವಾರ ಒಂದೇ ಬೆಳಿಗ್ಗೆಯಲ್ಲಿ ಜೆಸಿಬಿ ತಂದು ಬುಡಸಮೇತ ಕೆರೆದು ಹಾಕಿದರು. ಡಿಸೆಂಬರ್ ಕೊನೆಯ ಉತ್ಸವಕ್ಕೆ ವೇದಿಕೆ ಹಾಕಬೇಕಿತ್ತಂತೆ, ಅದಕ್ಕೆ ತೀರ ಸ್ವಚ್ಛವಾಗಬೇಕಿತ್ತಂತೆ. ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಹರಿದ ಬಲೆ, ಪ್ಲಾಸ್ಟಿಕ್ ಬಾಟಲಿ, ಥರ್ಮಾಕೋಲ್ ಚೂರುಗಳ ಜೊತೆ ನಮ್ಮ ಬಳ್ಳಿಯೂ ಟ್ರ್ಯಾಕ್ಟರಿನಲ್ಲಿ ತುಂಬಿತ್ತು. ಒಂದು ಎಳೆಯನ್ನು ಹಿಡಿದು ಎಳೆದರೆ ಗೆಣ್ಣುಗೆಣ್ಣಿಗೂ ಬೇರು, ಬೇರಿಗೆ ಇನ್ನೂ ಒದ್ದೆ ಮರಳು ಅಂಟಿಕೊಂಡಿತ್ತು.

ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಳೆ ಬಣ್ಣದ ಹೂ ಇರುವ ಈ ಬಳ್ಳಿಯನ್ನು ಕರಾವಳಿಯವರು ನೋಡದೇ ಇರುವುದಿಲ್ಲ. ಮರಾಠಿಯಲ್ಲಿ ಇದಕ್ಕೆ ಮರ್ಯಾದವೇಲ ಎನ್ನುತ್ತಾರೆ. ಮರ್ಯಾದೆ ಎಂದರೆ ಇಲ್ಲಿ ಎಲ್ಲೆ. ಕಡಲು ಇಲ್ಲಿಯವರೆಗೆ, ಊರು ಇಲ್ಲಿಂದ ಎಂದು ತೋರಿಸುವ ಬಳ್ಳಿ. ಉಪ್ಪುಗಾಳಿಗೂ ಸುಡುವ ಮರಳಿಗೂ ಜಗ್ಗದೆ ಹಬ್ಬಿ, ಗಾಳಿ ಹೊತ್ತು ತರುವ ಮರಳನ್ನು ತಡೆದು ನಿಲ್ಲಿಸಿ, ವರ್ಷ ಕಳೆದಂತೆ ಅದು ದಿಬ್ಬವನ್ನು ಕಟ್ಟುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಿಬ್ಬ ಉಳಿದಿದ್ದ ಕಡೆ ನೀರು ಅಲ್ಲಿಯೇ ನಿಂತದ್ದನ್ನೂ, ದಿಬ್ಬ ಸವರಿಹೋಗಿದ್ದ ಕಡೆ ತೆಂಗಿನ ಬುಡದವರೆಗೆ ನುಗ್ಗಿದ್ದನ್ನೂ ನಮ್ಮೂರಿನವರೆಲ್ಲ ಕಣ್ಣಾರೆ ಕಂಡಿದ್ದೇವೆ. ನಾವು ಈ ಕೆಲಸಕ್ಕೆ ಇಳಿದದ್ದೇ ಆ ಕಾರಣಕ್ಕೆ.

ಮಾಡಿದ ಕೆಲಸ ಸಣ್ಣದಲ್ಲ. ಮೊದಲ ಮಳೆ ಬಿದ್ದ ಕೂಡಲೇ ಬಳ್ಳಿಯನ್ನು ಒಂದೂವರೆ ಅಡಿಯ ತುಂಡುಗಳಾಗಿ ಕತ್ತರಿಸಿ, ಎರಡು ಗೆಣ್ಣು ಮರಳಿನೊಳಗೆ ಹೋಗುವಂತೆ ಓರೆಯಾಗಿ ಹೂತು, ದನ ಬಾರದಂತೆ ತೆಂಗಿನ ಮಡಲಿನ ಬೇಲಿ ಕಟ್ಟಿದೆವು. ಅದರ ಹಿಂದಿನ ಸಾಲಿಗೆ ಸುರಹೊನ್ನೆ ಮತ್ತು ಕೇದಗೆ. ದಡದಿಂದ ರಂಪಣಿ ಬಲೆ ಎಳೆಯುವವರಿಗೂ ದೋಣಿ ಏರಿಸುವವರಿಗೂ ತೊಂದರೆಯಾಗಬಾರದೆಂದು ಅವರನ್ನೇ ಕೇಳಿ ಮೂರು ಕಡೆ ದಾರಿ ಬಿಟ್ಟೆವು. ಬೇಸಿಗೆಯಲ್ಲಿ ಸುರಹೊನ್ನೆ ಸಸಿಗಳಿಗೆ ನೀರು ಹೊತ್ತವರು ನಾವಲ್ಲ, ಮೀನು ಮಾರಿ ಮಧ್ಯಾಹ್ನ ಮನೆಗೆ ಮರಳುತ್ತಿದ್ದ ಒಬ್ಬ ಅಕ್ಕ. ದಿನಕ್ಕೆ ಎಂಟು ಕೊಡ, ಯಾರೂ ಹೇಳದೆ. ಜೆಸಿಬಿ ಬಂದ ದಿನ ಅದಕ್ಕೆ ಅಡ್ಡ ನಿಂತವರೂ ಅವರೊಬ್ಬರೇ.

ಇಷ್ಟಕ್ಕೂ ನಾವು ಕದ್ದುಮುಚ್ಚಿ ನೆಟ್ಟವರಲ್ಲ. ಲಿಖಿತ ಅನುಮತಿ ಪಡೆದಿದ್ದೆವು. ಜೂನ್ 5ರ ವಿಶ್ವ ಪರಿಸರ ದಿನದಂದು, ಈಗ ಜೆಸಿಬಿ ಕಳಿಸಿದ ಕಚೇರಿಯವರೇ ಬಂದು, ಇದೇ ಬಳ್ಳಿಯ ಪಕ್ಕದಲ್ಲಿ ನಿಂತು ನಮಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡಿದ್ದರು. ಏಳು ತಿಂಗಳು ಕಳೆಯುವುದರೊಳಗೆ ಅವರಿಗೆ ಅದು ಕಸವಾಯಿತು. ಕೀಳುವ ಮೊದಲು ಒಂದು ಫೋನು ಮಾಡಿದ್ದರೂ ಸಾಕಿತ್ತು. ವೇದಿಕೆಗೆ ಐವತ್ತು ಮಾರು ದೂರದಲ್ಲಿ ಗಟ್ಟಿ ನೆಲವಿದೆ, ನಾವೇ ತೋರಿಸಿಕೊಡುತ್ತಿದ್ದೆವು.

ಕೇಳಲು ಹೋದಾಗ ಸಿಕ್ಕ ಉತ್ತರ ಬಳ್ಳಿ ಕಿತ್ತದ್ದಕ್ಕಿಂತ ಹೆಚ್ಚು ನೋಯಿಸಿತು. "ನೀವು ಸೇವೆ ಅಂತ ಮಾಡಿದ್ದಲ್ಲವೇ? ನಿಮ್ಮ ದುಡ್ಡೇನೂ ಹೋಗಿಲ್ಲವಲ್ಲ, ಮಳೆಗಾಲಕ್ಕೆ ಮತ್ತೆ ನೆಟ್ಟರಾಯಿತು," ಎಂದರು. ಗುತ್ತಿಗೆದಾರನ ಹಾಸುಗಲ್ಲು ಒಂದು ಒಡೆದರೂ ಬೆಲೆ ಕಟ್ಟಿ ವಸೂಲಿ ಮಾಡುವವರಿಗೆ ನಮ್ಮ ನೂರು ಭಾನುವಾರಗಳು ಲೆಕ್ಕಕ್ಕೇ ಬರುವುದಿಲ್ಲ. ಕೂಲಿ ಪಡೆಯದೆ ದುಡಿದವನ ದುಡಿಮೆಗೆ ಬೆಲೆಯೇ ಇಲ್ಲವೆಂದು ಯಾರು ತೀರ್ಮಾನಿಸಿದರು?

ಮತ್ತೆ ನೆಡುವುದು ಅವರು ಹೇಳಿದಷ್ಟು ಸುಲಭವೂ ಅಲ್ಲ. ಜೂನಿನಲ್ಲಿ ನೆಟ್ಟ ತುಂಡು ಬೇರು ಹಿಡಿಯುವ ಹೊತ್ತಿಗೇ ಕಡಲು ಉಕ್ಕುತ್ತದೆ, ಬರುವ ಮಳೆಗಾಲದ ಅಲೆಗೆ ಅದು ತಡೆಯಾಗಲಾರದು. ಅಂದರೆ ಈ ವರ್ಷ ನಮ್ಮ ದಂಡೆ ಬೆತ್ತಲೆಯಾಗಿಯೇ ಕಡಲಿಗೆ ಎದುರಾಗಬೇಕು. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳೆರಡೂ ಮರಳಿನ ದಿಬ್ಬಗಳನ್ನು ಪರಿಸರ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿ ಇಟ್ಟಿವೆ. ಅದನ್ನು ಓದಿ ಹೇಳಬೇಕಾದವರೇ ಜೆಸಿಬಿಗೆ ದಾರಿ ಬಿಟ್ಟುಕೊಟ್ಟರು.

ಇನ್ನು ಕೆಲವೇ ವಾರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ನಮ್ಮ ಕರಾವಳಿಗೆ ಬರುವ ಕಾಲ. ಒಂದೂವರೆ ಅಡಿ ಆಳದ ಗುಂಡಿ ತೋಡಿ ಸುಮಾರು ನೂರು ಮೊಟ್ಟೆಯಿಟ್ಟು ಹೋಗುವ ಆ ಜೀವಕ್ಕೆ ಸಡಿಲ ಮರಳು ಬೇಕು, ಕತ್ತಲೆ ಬೇಕು. ಈಗ ಅಲ್ಲಿರುವುದು ಗಾಲಿಯಡಿ ಸಿಕ್ಕಿ ಗಟ್ಟಿಯಾದ ನೆಲ ಮತ್ತು ಉತ್ಸವ ಮುಗಿದರೂ ಇಳಿಸದ ಹೈಮಾಸ್ಟ್ ದೀಪ. ಆ ದೀಪವನ್ನಾದರೂ ಆರಿಸಿ ಎಂದು ಸೋಮವಾರ ಅರ್ಜಿ ಕೊಟ್ಟಿದ್ದೇವೆ. ಇವತ್ತು ಶುಕ್ರವಾರ, ನಿನ್ನೆ ರಾತ್ರಿಯೂ ಅದು ಉರಿಯುತ್ತಲೇ ಇತ್ತು.